ಗವಿಯೊಂದು ಆಟವಾದ ಕಥೆ

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ತೊಡಕೂ ಉಂಟು, ಒಂದು ಸೌಕರ್ಯವೂ ಉಂಟು. ಅವನು ಕೇಳುಗರಿಗೆ ಏನನ್ನೂ ತೋರಿಸಲಾರ, ಹೇಳಬಲ್ಲ, ಅಷ್ಟೆ. ಆದರೆ ಅವನು ಹೇಳಿದ್ದನ್ನು ಕೇಳುಗರು ತಮ್ಮ ತಮ್ಮ ಮನಸ್ಸಿನಲ್ಲಿ ತಾವೇ ಕಟ್ಟಿಕೊಳ್ಳುತ್ತಾರೆ. ನಾನು ಇಂದು ಹೇಳಹೊರಟಿರುವ ವಿಷಯ ಇಂಥ ಮಾಧ್ಯಮಕ್ಕೆ ಒಪ್ಪುವಂಥದು. ಏಕೆಂದರೆ ಅದು ಒಂದೇ ಒಂದು ಚಿತ್ರವೂ ಇಲ್ಲದೆ, ಬರಿಯ ಮಾತಿನಿಂದಲೇ ನಡೆಯುವ ಒಂದು ಗಣಕಯಂತ್ರದ ಆಟದ ಚರಿತ್ರೆ. ಅದರ ಹೆಸರು ‘ಅಡ್ವೆಂಚರ್’. ಪೂರ್ತಿಯಾಗಿ ಹೇಳುವುದಾದರೆ ‘ಕೊಲಾಸಲ್ ಕೇವ್ ಅಡ್ವೆಂಚರ್’. ಹುಟ್ಟಿದ್ದು 1975-76ರ ಸುಮಾರಿನಲ್ಲಿ.

ನಾನು ಮೊದಲ ಬಾರಿಗೆ ಈ ಆಟಕ್ಕೆ ಕುಳಿತಾಗ ನನಗೆ ಕಂಡದ್ದು ಕೆಲವೇ ಸಾಲುಗಳ ಬರಹ. ಒಂದು ರಸ್ತೆಯ ತುದಿ, ಸುತ್ತಲೂ ಕಾಡು, ಒಂದು ಪುಟ್ಟ ಇಟ್ಟಿಗೆಯ ಕಟ್ಟಡ, ಅಲ್ಲಿಂದ ಹರಿದುಹೋಗುವ ತೊರೆ. ಮುಂದೇನು ಮಾಡಬೇಕೆಂದು ಯಂತ್ರ ಕಾಯುತ್ತದೆ. ನಾವು ಒಂದೆರಡು ಪದಗಳಲ್ಲಿ ಅಪ್ಪಣೆ ಕೊಡಬೇಕು: ದಕ್ಷಿಣಕ್ಕೆ ಹೋಗು, ದೀಪ ತೆಗೆದುಕೋ, ಬಾಗಿಲು ತೆರೆ. ತೊರೆಯ ಜಾಡು ಹಿಡಿದು ಹೋದರೆ ನೆಲದಲ್ಲಿ ಕಬ್ಬಿಣದ ಸರಳುಗಳ ಒಂದು ಬಾಗಿಲು ಸಿಗುತ್ತದೆ. ಅದನ್ನು ತೆರೆದು ಇಳಿದೆವೆಂದರೆ ಗವಿಯ ಕತ್ತಲು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾನು ದಾರಿ ತಪ್ಪಿದ್ದೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು, ಚೌಕಗಳನ್ನೂ ಗೆರೆಗಳನ್ನೂ ಎಳೆದು, ನಕ್ಷೆ ಬರೆಯತೊಡಗಿದೆ. ಈ ಆಟವನ್ನು ಆಡಿದವರೆಲ್ಲರೂ ಹೀಗೆಯೇ ಮಾಡಿದ್ದಾರೆ. ನಕ್ಷೆ ಬರೆಯದೆ ಇದರಲ್ಲಿ ಮುಂದುವರಿಯುವುದು ಕಷ್ಟ. ಬಹುಕಾಲದ ಮೇಲೆ ನನಗೆ ತಿಳಿದುಬಂತು, ಈ ಆಟ ಹುಟ್ಟಿದ್ದೇ ಒಂದು ನಕ್ಷೆಯಿಂದ ಎಂದು. ನಾನು ಮನೆಯಲ್ಲಿ ಕುಳಿತು ಹಾಳೆಯ ಮೇಲೆ ಎಳೆದ ಗೆರೆಗಳನ್ನು ನನಗಿಂತ ಮುಂಚೆ ಬೇರೆಯವರು ಕೆಸರಿನಲ್ಲಿ ತೆವಳಿ, ಮೊಣಕಾಲು ತರಚಿಕೊಂಡು ಎಳೆದಿದ್ದರು. ಇಂದಿನ ನನ್ನ ಮಾತು ಆ ಜನರನ್ನು ಕುರಿತದ್ದು.

ಅಮೆರಿಕಾ ಸಂಯುಕ್ತ ಸಂಸ್ಥಾನದ ಕೆಂಟಕಿ ಪ್ರಾಂತದಲ್ಲಿ, ಗ್ರೀನ್ ಎಂಬ ನದಿಯ ಬಳಿ, ಒಂದು ಗುಡ್ಡಗಾಡು ಸೀಮೆ ಇದೆ. ಮೇಲೆ ಮರಳುಗಲ್ಲಿನ ಹೊದಿಕೆ. ಅದರ ಕೆಳಗೆ ನೂರಾರು ಅಡಿ ದಪ್ಪದ ಸುಣ್ಣಕಲ್ಲು. ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲಾಮ್ಲ ಅನಿಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಹರಿಯುತ್ತ ಕಲ್ಲನ್ನು ಕರಗಿಸುತ್ತದೆ. ನದಿ ತನ್ನ ಪಾತ್ರವನ್ನು ಆಳವಾಗಿ ಕೊರೆದಂತೆಲ್ಲ ಒಳಗಿನ ನೀರೂ ಕೆಳಗಿನ ಹಂತಕ್ಕೆ ಇಳಿಯುತ್ತದೆ. ಮೇಲಿನ ಕಾಲುವೆಗಳು ಒಣಗಿ, ನಡೆದಾಡಬಹುದಾದ ದಾರಿಗಳಾಗಿ ಉಳಿಯುತ್ತವೆ. ಹೀಗೆ ಲಕ್ಷಾಂತರ ವರ್ಷಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆದದ್ದು ಮ್ಯಾಮತ್ ಗವಿ. ಮರಳುಗಲ್ಲಿನ ಹೊದಿಕೆ ಅದಕ್ಕೆ ಸೂರಿನಂತೆ ನಿಂತು ಕುಸಿಯದಂತೆ ಕಾಪಾಡಿದೆ. ಇಂದು ಅಳತೆಯಾಗಿರುವ ಅದರ ದಾರಿಗಳ ಒಟ್ಟು ಉದ್ದ 420 ಮೈಲಿಗಳಿಗಿಂತ ಹೆಚ್ಚು. ತಿಳಿದಿರುವಷ್ಟರಲ್ಲಿ ಪ್ರಪಂಚದಲ್ಲಿ ಇದಕ್ಕಿಂತ ಉದ್ದವಾದ ಗವಿ ಇಲ್ಲ.

ಈ ಗವಿಯ ಮೊದಲ ದೊಡ್ಡ ಶೋಧಕ ಒಬ್ಬ ಗುಲಾಮ. ಸ್ಟೀಫನ್ ಬಿಷಪ್ ಎಂಬ ಹದಿಹರೆಯದ ಹುಡುಗನನ್ನು 1838ರಲ್ಲಿ ಅವನ ಒಡೆಯ ಇಲ್ಲಿಗೆ ಕರೆತಂದು, ಪ್ರವಾಸಿಗಳಿಗೆ ದಾರಿ ತೋರಿಸುವ ಕೆಲಸಕ್ಕೆ ಹಚ್ಚಿದ. ‘ತಳವಿಲ್ಲದ ಗುಂಡಿ’ ಎಂದು ಹೆಸರಾಗಿದ್ದ ಕಮರಿಯ ಅಂಚಿಗೆ ಬಂದು ಎಲ್ಲರೂ ಹಿಂದಿರುಗುತ್ತಿದ್ದರು. ಬಿಷಪ್ ಅದನ್ನು ದಾಟಿ ಆಚೆಗೆ ಹೋದರು. ಕತ್ತಲಲ್ಲಿ ಹರಿಯುವ ನದಿಗಳನ್ನೂ, ಕಣ್ಣಿಲ್ಲದ ಮೀನುಗಳನ್ನೂ ಕಂಡುಬಂದರು. 1842ರಲ್ಲಿ ಅವರು ತಮ್ಮ ನೆನಪಿನಿಂದಲೇ ಗವಿಯ ನಕ್ಷೆ ಬರೆದುಕೊಟ್ಟರು. 1845ರಲ್ಲಿ ಅದು ಅಚ್ಚಾಯಿತು. ಬರೆದವನ ಹೆಸರನ್ನು ಮರೆಮಾಚದೆ ಅಚ್ಚಾದದ್ದು ಆ ಕಾಲಕ್ಕೆ ವಿಶೇಷವೇ ಸರಿ. ಬಿಷಪ್ ಅವರಿಗೆ ಬಿಡುಗಡೆ ದೊರೆತದ್ದು 1856ರಲ್ಲಿ, ತೀರಿಕೊಂಡದ್ದು 1857ರಲ್ಲಿ. ತನ್ನ ದೇಹವೇ ತನ್ನದಲ್ಲದ ಮನುಷ್ಯನೊಬ್ಬ, ಯಾರೂ ಕಾಲಿಡದ ನೆಲಕ್ಕೆ ಹೆಸರಿಟ್ಟು, ಅದರ ನಕ್ಷೆಯನ್ನು ಮುಂದಿನವರಿಗೆ ಬಿಟ್ಟುಹೋದ. ಈ ಮಾತನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳೋಣ. ಅದಕ್ಕೆ ಮತ್ತೆ ಬರಬೇಕಾಗುತ್ತದೆ.

ಮ್ಯಾಮತ್ ಗವಿಯ ಪಕ್ಕದಲ್ಲಿ, ಒಂದು ಕಣಿವೆಯಾಚೆ, ಫ್ಲಿಂಟ್ ರಿಜ್ ಎಂಬ ದಿಣ್ಣೆ ಇದೆ. ಅದರೊಳಗೂ ಗವಿಗಳು. ಅವುಗಳಲ್ಲಿ ಒಂದರ ಹೆಸರು ಕೊಲಾಸಲ್ ಗವಿ. ಅದಕ್ಕೆ ಕೂಡಿಕೊಂಡಿರುವ ಒಂದು ಭಾಗಕ್ಕೆ ಬೆಡ್‌ಕ್ವಿಲ್ಟ್ ಎಂದು ಹೆಸರು. ಒಂದು ಕಾಲದಲ್ಲಿ ಈ ಗವಿಗಳ ಒಡೆಯರು ಪ್ರವಾಸಿಗಳ ದುಡ್ಡಿಗಾಗಿ ಒಬ್ಬರೊಡನೊಬ್ಬರು ಸೆಣಸಾಡುತ್ತಿದ್ದರು. 1925ರಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬಾತ ಹೊಸ ಗವಿಯೊಂದನ್ನು ಹುಡುಕಹೋಗಿ, ಕಾಲಿನ ಮೇಲೆ ಬಂಡೆ ಬಿದ್ದು, ಹೊರಗೆ ಸಾವಿರಾರು ಜನ ನೆರೆದಿರುವಾಗಲೇ ಒಳಗೆ ಸಿಕ್ಕಿಕೊಂಡು ಸತ್ತ. 1941ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 1957ರಲ್ಲಿ ಉತ್ಸಾಹಿಗಳು ಕೂಡಿ ಗವಿ ಸಂಶೋಧನಾ ಪ್ರತಿಷ್ಠಾನವೊಂದನ್ನು ಕಟ್ಟಿಕೊಂಡರು. ಅವರದು ಸಂಬಳದ ಕೆಲಸವಲ್ಲ. ರಜೆಯ ದಿನಗಳಲ್ಲಿ ಬರುವುದು, ಗವಿಗೆ ಇಳಿಯುವುದು, ಅಳೆಯುವುದು, ಹಿಂದಿರುಗುವುದು.

ಅಳೆಯುವ ಬಗೆಯನ್ನು ತುಸು ಹೇಳಬೇಕು. ಒಬ್ಬರು ಅಳತೆಯ ಪಟ್ಟಿಯ ತುದಿ ಹಿಡಿದು ಮುಂದೆ ಹೋಗುತ್ತಾರೆ. ಇನ್ನೊಬ್ಬರು ದಿಕ್ಸೂಚಿಯಿಂದ ದಿಕ್ಕನ್ನೂ, ಮತ್ತೊಂದು ಉಪಕರಣದಿಂದ ಏರಿಳಿತದ ಕೋನವನ್ನೂ ನೋಡಿ ಕೂಗಿ ಹೇಳುತ್ತಾರೆ. ಮೂರನೆಯವರು ಪುಟ್ಟ ಪುಸ್ತಕದಲ್ಲಿ ಅಂಕಿಗಳನ್ನು ಗುರುತು ಹಾಕಿಕೊಂಡು, ಪಕ್ಕದಲ್ಲಿ ದಾರಿಯ ಆಕಾರವನ್ನು ಬಿಡಿಸುತ್ತಾರೆ. ಪ್ರತಿ ನಿಲುಗಡೆಗೂ ಒಂದು ಅಕ್ಷರ, ಒಂದು ಸಂಖ್ಯೆ. ಹತ್ತಡಿ, ಇಪ್ಪತ್ತಡಿ, ಮತ್ತೆ ಹತ್ತಡಿ. ಎಷ್ಟೋ ಕಡೆ ಹೊಟ್ಟೆಯ ಮೇಲೆ ತೆವಳಬೇಕು. ಎಷ್ಟೋ ಕಡೆ ತಣ್ಣೀರಿನಲ್ಲಿ ಎದೆಮಟ್ಟ ನಿಲ್ಲಬೇಕು. ಒಮ್ಮೆ ಒಳಗೆ ಹೋದರೆ ಇಡೀ ದಿನ ಹೊರಗಿನ ಬೆಳಕು ಕಾಣುವಂತಿಲ್ಲ. ಇಷ್ಟಾದ ಮೇಲೆ ದೊರೆಯುವುದು ಕೆಸರು ಮೆತ್ತಿದ ಒಂದು ಪುಸ್ತಕ ಮತ್ತು ಅದರಲ್ಲಿನ ಅಂಕಿಗಳು.

ಹೀಗೆ ಅಳೆಯಲು ಬರುತ್ತಿದ್ದವರಲ್ಲಿ ಮ್ಯಾಸಚೂಸೆಟ್ಸ್‌ನ ದಂಪತಿಗಳಿಬ್ಬರು: ವಿಲ್ ಕ್ರೌಥರ್ ಮತ್ತು ಪೆಟ್ರೀಶಿಯಾ ಕ್ರೌಥರ್. ಇಬ್ಬರೂ ಗಣಕಯಂತ್ರದ ಕೆಲಸ ಬಲ್ಲವರು. ವಿಲ್ ಅವರು ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಎಂಬ ಸಂಸ್ಥೆಯಲ್ಲಿದ್ದರು. 1969ರಲ್ಲಿ ದೂರದೂರದ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಆರ್ಪಾನೆಟ್ ಎಂಬ ಜಾಲ ತಲೆಯೆತ್ತಿದಾಗ, ಅದರ ಸಂದೇಶಗಳನ್ನು ಸಾಗಿಸುವ ಯಂತ್ರಗಳಿಗೆ ವಿಧಿಕ್ರಮಗಳನ್ನು ಬರೆದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಮುಂದೆ ಜಗತ್ತನ್ನೇ ಆವರಿಸಿದ ಜಾಲಕ್ಕೆ ಇದು ಬೀಜ. ಅವರು ಬಂಡೆ ಹತ್ತುವುದರಲ್ಲಿಯೂ ಪ್ರವೀಣರು. ಯೋಚನೆಯಲ್ಲಿ ಮುಳುಗಿದಾಗ ಕಚೇರಿಯ ಬಾಗಿಲ ಚೌಕಟ್ಟಿಗೆ ಬೆರಳ ತುದಿಯಲ್ಲಿ ಜೋತುಬೀಳುತ್ತಿದ್ದರೆಂದು ಜೊತೆಯವರು ನೆನೆಯುತ್ತಾರೆ. ಗವಿಯಿಂದ ತಂದ ಕೆಸರಿನ ಪುಸ್ತಕಗಳ ಅಂಕಿಗಳನ್ನು ದಂಪತಿಗಳು ಮನೆಯ ನಡುಮನೆಯಲ್ಲಿದ್ದ ಟೆಲಿಟೈಪ್ ಯಂತ್ರದಲ್ಲಿ ಬೆರಳಚ್ಚು ಮಾಡಿ, ದೂರವಾಣಿಯ ತಂತಿಯ ಮೂಲಕ ಕಚೇರಿಯ ಗಣಕಯಂತ್ರಕ್ಕೆ ಕಳಿಸುತ್ತಿದ್ದರು. ವಿಲ್ ಬರೆದಿದ್ದ ವಿಧಿಕ್ರಮ ಆ ಅಂಕಿಗಳಿಂದ ಗವಿಯ ನಕ್ಷೆಯ ಗೆರೆಗಳನ್ನು ಬರೆದುಕೊಡುತ್ತಿತ್ತು.

1972ರ ಸೆಪ್ಟೆಂಬರ್ 9ರಂದು ಈ ಜನರ ಬಹುಕಾಲದ ಕನಸು ಕೈಗೂಡಿತು. ಫ್ಲಿಂಟ್ ರಿಜ್ ಗವಿಗಳಿಗೂ ಮ್ಯಾಮತ್ ಗವಿಗೂ ಒಳಗೊಳಗೇ ಸಂಪರ್ಕ ಇರಬೇಕೆಂದು ಅವರ ನಂಬಿಕೆ. ಅದಕ್ಕೆ ಮುಂಚೆ, ಇತರರು ನುಸುಳಲಾಗದೆ ನಿಂತ ಒಂದು ಇಕ್ಕಟ್ಟಿನ ಸಂದಿಯಲ್ಲಿ ಕೃಶಕಾಯರಾದ ಪೆಟ್ರೀಶಿಯಾ ನುಸುಳಿದ್ದರು; ಆ ಸಂದಿಯಾಚೆಯ ದಾರಿಯಲ್ಲಿ, ಹಿಂದೊಮ್ಮೆ ಮ್ಯಾಮತ್ ಗವಿಯ ಮಾರ್ಗದರ್ಶಿಯಾಗಿದ್ದ ಪೀಟ್ ಹ್ಯಾನ್ಸನ್ ಗೀಚಿದ್ದ ಹೆಸರೂ ಬಾಣದ ಗುರುತೂ ಕಂಡವು. ಬಾಣ ಮ್ಯಾಮತ್ ಗವಿಯ ಕಡೆಗೆ ತಿರುಗಿತ್ತು. ಸೆಪ್ಟೆಂಬರ್ 9ರಂದು ಜಾನ್ ವಿಲ್‌ಕಾಕ್ಸ್ ಅವರ ನಾಯಕತ್ವದಲ್ಲಿ ಆರು ಮಂದಿ ಹೊರಟರು. ಅವರಲ್ಲಿ ಪೆಟ್ರೀಶಿಯಾ ಒಬ್ಬರು. ವಿಲ್ ಆ ತಂಡದಲ್ಲಿರಲಿಲ್ಲ. ಎದೆಮಟ್ಟದ ನೀರಿನಲ್ಲಿ, ಮೇಲ್ಛಾವಣಿ ತಲೆಗೆ ತಾಗುವಂತಿರುವ ಕಡೆ, ಅವರು ಮುಂದುವರಿದರು. ಕೊನೆಗೆ ಮುಂದೆ ಹೋದವರ ದೀಪದ ಬೆಳಕಿಗೆ ಒಂದು ಕಬ್ಬಿಣದ ಕೈಪಿಡಿ ಕಾಣಿಸಿತು. ಅದು ಮ್ಯಾಮತ್ ಗವಿಯಲ್ಲಿ ಪ್ರವಾಸಿಗಳಿಗಾಗಿ ಹಾಕಿದ್ದ ಕೈಪಿಡಿ, ಎಕೋ ನದಿಯ ದಂಡೆಯದು. ಆ ನದಿಗಳ ದಾರಿ ತೆರೆದಿದ್ದವರು ಸ್ಟೀಫನ್ ಬಿಷಪ್. ಎರಡು ಗವಿಗಳು ಒಂದಾದವು. ಒಟ್ಟು ಉದ್ದ 144.4 ಮೈಲಿ.

ಈ ಸಂತೋಷವಾಗಿ ಮೂರು ನಾಲ್ಕು ವರ್ಷಗಳಲ್ಲಿ ಕ್ರೌಥರ್ ದಂಪತಿಗಳ ಸಂಸಾರ ಮುರಿಯಿತು. ಅವರಿಬ್ಬರ ನಡುವಿನ ಮಾತು ನಮಗೆ ಬೇಡ. ಆದರೆ ವಿಲ್ ಅವರೇ ಮುಂದೆ ಹೇಳಿಕೊಂಡಿರುವುದು ಇಷ್ಟು: ಹೆಣ್ಣುಮಕ್ಕಳಿಬ್ಬರ ಒಡನಾಟ ತಪ್ಪಿಹೋದಂತಾಗಿತ್ತು, ಗವಿಗೆ ಹೋಗುವುದೂ ಮುಜುಗರದ ಸಂಗತಿಯಾಗಿ ನಿಂತುಹೋಗಿತ್ತು. ಆಗ ಅವರಿಗೆ ತೋಚಿತು, ಗವಿಯನ್ನೇ ಒಂದು ಆಟವಾಗಿ ಬರೆದರೆ ಮಕ್ಕಳು ಬಂದಾಗ ಆಡಿಯಾರು ಎಂದು. ಗಣಕಯಂತ್ರವೆಂದರೆ ಹೆದರುವವರೂ ಹೆದರದಂತೆ, ಮನುಷ್ಯರೊಡನೆ ಮಾತನಾಡಿದಂತೆಯೇ ಅದರೊಡನೆ ಮಾತನಾಡುವಂತಿರಬೇಕು ಎಂಬುದು ಅವರ ಬಯಕೆಯಾಗಿತ್ತು.

ಅದಕ್ಕೆ ಇನ್ನೊಂದು ಎಳೆಯೂ ಸೇರಿತು. 1974ರಲ್ಲಿ ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ ಪುಸ್ತಕವನ್ನು ಹೊರತಂದಿದ್ದರು. ಅದು ಯಂತ್ರವಿಲ್ಲದೆ, ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ. ಒಬ್ಬ ಯಜಮಾನ ನೆಲಮಾಳಿಗೆಯ ನಕ್ಷೆಯನ್ನು ತನ್ನ ಬಳಿ ಮುಚ್ಚಿಟ್ಟುಕೊಂಡು, ಕಂಡದ್ದನ್ನು ವರ್ಣಿಸುತ್ತ ಹೋಗುತ್ತಾನೆ. ಉಳಿದವರು ತಾವು ಮಾಡುವುದನ್ನು ಹೇಳುತ್ತಾರೆ. ಕಳ್ಳ, ವೀರ, ಮಂತ್ರವಾದಿ ಮುಂತಾದ ವೇಷಗಳು, ಭೂತಗಳು, ನಿಧಿಗಳು. ಕ್ರೌಥರ್ ಗೆಳೆಯರೊಡನೆ ಈ ಆಟವಾಡುತ್ತಿದ್ದರು. ಅದರ ಯಜಮಾನನ ಸ್ಥಾನದಲ್ಲಿ ಅವರು ಗಣಕಯಂತ್ರವನ್ನು ಕೂರಿಸಿದರು. ಅವನ ಕೈಯ ನಕ್ಷೆಯ ಸ್ಥಾನದಲ್ಲಿ ಬೆಡ್‌ಕ್ವಿಲ್ಟ್ ಗವಿಯ ನಕ್ಷೆಯನ್ನಿಟ್ಟರು. ಹೆಚ್ಚುಕಡಮೆ ಅದೇ ಕಾಲಕ್ಕೆ, 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಶಿಕ್ಷಣ ಜಾಲದಲ್ಲಿಯೂ ವಿದ್ಯಾರ್ಥಿಗಳು ಇದೇ ಪುಸ್ತಕದಿಂದ ಸ್ಫೂರ್ತಿ ಪಡೆದು ನೆಲಮಾಳಿಗೆಯ ಆಟಗಳನ್ನು ರಚಿಸಿದ್ದರು. ಅವುಗಳ ಗೋಡೆಗಳು ಕಲ್ಪನೆಯವು. ಕ್ರೌಥರ್ ಅವರ ಗೋಡೆಗಳು ಸುಣ್ಣಕಲ್ಲಿನವು.

ಅವರು ಬರೆದ ವಿಧಿಕ್ರಮ ಫೋರ್‌ಟ್ರಾನ್ ಭಾಷೆಯಲ್ಲಿ ಸುಮಾರು 700 ಸಾಲು. ಅದರ ಜೊತೆಗೆ ಸ್ಥಳಗಳ ವರ್ಣನೆ, ದಾರಿಗಳ ಕೋಷ್ಟಕ, ಪದಗಳ ಪಟ್ಟಿ. ಓಡುತ್ತಿದ್ದುದು ಪಿಡಿಪಿ-10 ಎಂಬ ದೊಡ್ಡ ಯಂತ್ರದಲ್ಲಿ. ಆ ಯಂತ್ರ ತನ್ನ ಒಂದೊಂದು ಸ್ಮೃತಿಕೋಶದಲ್ಲಿ ಐದು ಅಕ್ಷರಗಳನ್ನು ಹಿಡಿದಿಡಬಲ್ಲುದು. ಅದರಿಂದಾಗಿ ಆಟಗಾರ ಎಷ್ಟೇ ಉದ್ದದ ಪದ ಬರೆದರೂ ಯಂತ್ರ ಮೊದಲ ಐದು ಅಕ್ಷರಗಳನ್ನಷ್ಟೇ ನೋಡುತ್ತಿತ್ತು. ಪ್ರತಿಯೊಂದು ಸ್ಥಳಕ್ಕೂ ಒಂದು ಸಂಖ್ಯೆ. ಇಂಥ ಸ್ಥಳದಿಂದ ಇಂಥ ಪದ ಹೇಳಿದರೆ ಇಂಥ ಸ್ಥಳಕ್ಕೆ ಎಂಬ ಲೆಕ್ಕ. ಗವಿ ಅಳೆಯುವವರ ಪುಸ್ತಕವೂ ಹೀಗೆಯೇ ಇರುತ್ತದೆ: ಈ ನಿಲುಗಡೆಯಿಂದ ಈ ದಿಕ್ಕಿಗೆ ಆ ನಿಲುಗಡೆ. ಬರೆದ ಕೈಗೆ ಆ ಕ್ರಮ ರೂಢಿಯಾಗಿತ್ತು.

ಆಟದೊಳಗೆ ನೈಜವಾದದ್ದೂ ಕಲ್ಪಿತವಾದದ್ದೂ ಒಂದಕ್ಕೊಂದು ಬೆರೆತಿವೆ. ಸರಳಿನ ಬಾಗಿಲು ನಿಜವಾದದ್ದು. ಉಂಡೆಗಲ್ಲುಗಳ ಮೇಲೆ ತೆವಳಬೇಕಾದ ದಾರಿ ನಿಜವಾದದ್ದು. ಒಂದು ಕಡೆ ‘ವೈ-2’ ಎಂಬ ಗುರುತು ಬರುತ್ತದೆ. ನನಗೆ ಅದು ಯಾವುದೋ ಗೂಢಲಿಪಿಯಂತೆ ತೋರಿತ್ತು. ಅದು ಗವಿ ಅಳೆಯುವವರು ತಮ್ಮ ನಿಲುಗಡೆಗೆ ಕೊಡುವ ಸಾಮಾನ್ಯ ಗುರುತು, ಅಷ್ಟೆ. ಕೊಡಲಿ ಎಸೆಯುವ ಕುಳ್ಳರು, ದಾರಿಗೆ ಅಡ್ಡವಾಗಿ ಮಲಗಿದ ಹಾವು, ಐದಕ್ಷರದ ಅರ್ಥಹೀನ ಮಂತ್ರವೊಂದನ್ನು ಹೇಳಿದರೆ ಇಲ್ಲಿಂದ ಅಲ್ಲಿಗೆ ಹಾರಿಸುವ ಮಾಯೆ ಮುಂತಾದವು ಮಕ್ಕಳಿಗಾಗಿ ಸೇರಿಸಿದವು. ಒಂದನ್ನೊಂದು ಹೋಲುವ ಸುತ್ತುದಾರಿಗಳ ಗೋಜಲೂ ಇದೆ. ಅಲ್ಲಿ ಕೈಯಲ್ಲಿರುವ ಒಂದೊಂದು ವಸ್ತುವನ್ನು ಒಂದೊಂದು ಕಡೆ ಇಟ್ಟು ಗುರುತು ಮಾಡಿಕೊಂಡರೆ ಮಾತ್ರ ದಾರಿ ಸಿಗುತ್ತದೆ. ಮಕ್ಕಳಿಗೆ ಆಟ ಬಹಳ ಹಿಡಿಸಿತೆಂದು ಕ್ರೌಥರ್ ಹೇಳಿದ್ದಾರೆ. ತಂದೆ ಮಕ್ಕಳನ್ನು ಗವಿಗೆ ಕರೆದೊಯ್ಯಲಾಗದೆ, ಗವಿಯನ್ನೇ ಮಕ್ಕಳ ಬಳಿಗೆ ತಂದರು.

ಇಲ್ಲಿಗೇ ಈ ಕಥೆ ಮುಗಿಯಬಹುದಾಗಿತ್ತು. ಕ್ರೌಥರ್ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯಕ್ಕೆ ಹೋದರು. ಆಟವನ್ನು ಯಂತ್ರದಲ್ಲಿ ಬಿಟ್ಟರು. ಆದರೆ ಅವರೇ ಕಟ್ಟಲು ನೆರವಾಗಿದ್ದ ಜಾಲ ಆ ಆಟವನ್ನು ಊರಿಂದೂರಿಗೆ ಸಾಗಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಾನ್ ವುಡ್ಸ್ ಅವರ ಕಣ್ಣಿಗೆ ಅದರ ಒಂದು ಪ್ರತಿ ಬಿತ್ತು. ಅದರಲ್ಲಿ ತಪ್ಪುಗಳಿದ್ದವು, ತಿದ್ದಿ ಬೆಳೆಸಬೇಕೆಂದು ಅವರಿಗೆ ಆಸೆಯಾಯಿತು. ಬರೆದವರ ಹೆಸರು ಕ್ರೌಥರ್ ಎಂದಿತ್ತೇ ಹೊರತು ವಿಳಾಸವಿರಲಿಲ್ಲ. ವುಡ್ಸ್ ಏನು ಮಾಡಿದರೆಂದರೆ, ಜಾಲದಲ್ಲಿದ್ದ ಪ್ರತಿಯೊಂದು ಗಣಕಯಂತ್ರಕ್ಕೂ ‘ಕ್ರೌಥರ್’ ಎಂಬ ಹೆಸರಿಗೆ ಒಂದೊಂದು ಪತ್ರ ಕಳಿಸಿದರು! ಜಾಲ ಅಷ್ಟು ಚಿಕ್ಕದಾಗಿದ್ದ ಕಾಲ ಅದು. ಒಂದು ಕಡೆಯಿಂದ ಉತ್ತರ ಬಂತು, ಒಪ್ಪಿಗೆಯೂ ಬಂತು. 1977ರಲ್ಲಿ ವುಡ್ಸ್ ಹೊಸ ಸ್ಥಳಗಳನ್ನೂ ನಿಧಿಗಳನ್ನೂ ಸೇರಿಸಿದರು, ಕಳ್ಳನೊಬ್ಬನನ್ನು ತಂದರು, ದೀಪದ ಬ್ಯಾಟರಿ ತೀರಿಹೋಗುವಂತೆ ಮಾಡಿದರು, ಪೂರ್ಣಾಂಕ 350 ಎಂದು ಗೊತ್ತುಮಾಡಿದರು. ಲೋಕಕ್ಕೆ ಪರಿಚಯವಾದದ್ದು ಈ ರೂಪ. ಇದು ತಲುಪಿದ ಪ್ರಯೋಗಶಾಲೆಗಳಲ್ಲೆಲ್ಲ ಎರಡು ವಾರ ಬೇರೆ ಕೆಲಸ ನಡೆಯಲಿಲ್ಲವೆಂದು ಆಗಿನವರು ತಮಾಷೆ ಮಾಡುತ್ತಿದ್ದರು.

ಇದರ ಸಂತತಿ ದೊಡ್ಡದು. ಅದೇ 1977ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ನಾಲ್ವರು ‘ಝೋರ್ಕ್’ ಎಂಬ ಆಟವನ್ನು ಆರಂಭಿಸಿದರು. ಅದಕ್ಕೆ ಕೆಲಕಾಲ ‘ಡಂಜನ್’ ಎಂದೇ ಹೆಸರಿತ್ತು. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೇಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ‘ರೋಗ್’ ಎಂಬ ಆಟವನ್ನು ರಚಿಸಿದರು. ಒಮ್ಮೆ ದಾರಿ ತಿಳಿದುಬಿಟ್ಟರೆ ಹಳೆಯ ಆಟ ಮತ್ತೆ ರುಚಿಸುವುದಿಲ್ಲ ಎಂಬುದು ಅವರ ಕೊರಗು. ಆದಕಾರಣ ಪ್ರತಿ ಸಲವೂ ಯಂತ್ರವೇ ಹೊಸ ನೆಲಮಾಳಿಗೆಯನ್ನು ಕಟ್ಟುವ ಏರ್ಪಾಡು ಮಾಡಿದರು. ಅಲ್ಲಿಂದಾಚೆಗೆ ಪಾತಾಳದಲ್ಲಿ ಅಲೆಯುವ ಆಟಗಳಿಗೆ ಲೆಕ್ಕವಿಲ್ಲ. ಆ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಆದರೆ ಯಂತ್ರ ಕಟ್ಟಿದ ನೆಲಮಾಳಿಗೆಯಲ್ಲಿ ನಮಗಿಂತ ಮುಂಚೆ ಯಾರೂ ನಡೆದಿರುವುದಿಲ್ಲ. ಕ್ರೌಥರ್ ಅವರ ಗವಿಯಲ್ಲಿ ನಡೆದಿದ್ದಾರೆ.

ಈ ಭೇದ ಬಹುಕಾಲ ಮರೆಯಾಗಿತ್ತು. ಕ್ರೌಥರ್ ಬರೆದ ಮೂಲಪ್ರತಿ ಕಳೆದುಹೋಯಿತೆಂದೇ ಎಲ್ಲರೂ ತಿಳಿದಿದ್ದರು. 2005ರಲ್ಲಿ ಅದು ಸ್ಟ್ಯಾನ್‌ಫರ್ಡ್‌ನಲ್ಲಿ, ವುಡ್ಸ್ ಅವರ ವಿದ್ಯಾರ್ಥಿದೆಸೆಯ ಹಳೆಯ ಕಡತಗಳ ನಕಲಿನಲ್ಲಿ ಸಿಕ್ಕಿತು. ಡೆನಿಸ್ ಜೆರ್ಜ್ ಎಂಬ ಪ್ರಾಧ್ಯಾಪಕರು ಅದನ್ನು ಅಭ್ಯಾಸ ಮಾಡಿ, ಬಲ್ಲವರೊಡನೆ ಬೆಡ್‌ಕ್ವಿಲ್ಟ್ ಗವಿಗೇ ಇಳಿದು, ಸಾಲಿಗೆ ಸಾಲು ಹೋಲಿಸಿ, 2007ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಆಟದ ಮೊದಲ ಭಾಗ ಗವಿಯನ್ನು ಹೆಚ್ಚುಕಡಮೆ ಇದ್ದಂತೆಯೇ ಅನುಸರಿಸಿದೆ ಎಂಬುದು ಹೀಗೆ ಸ್ಥಿರಪಟ್ಟಿತು. ಗವಿಯ ಜನಕ್ಕೆ ಇದು ಮೊದಲೇ ಗೊತ್ತಿತ್ತು. ಈ ಆಟವನ್ನು ಚೆನ್ನಾಗಿ ಆಡಿದ್ದ ಮಹಿಳೆಯೊಬ್ಬರು ಮೊತ್ತಮೊದಲ ಬಾರಿಗೆ ಬೆಡ್‌ಕ್ವಿಲ್ಟ್‌ಗೆ ಬಂದಾಗ, ಆಟದಿಂದ ಕಲಿತ ದಾರಿಯನ್ನೇ ನೆನೆದು ನಡೆದರೆಂದು ಅವರ ಜೊತೆಗಿದ್ದವರು ಬರೆದಿಟ್ಟಿದ್ದಾರೆ. ಹಾಳೆಯ ಮೇಲೆ ಅಲೆದವರಿಗೆ ಕಲ್ಲು ದಾರಿ ಬಿಟ್ಟಿತು.

ಮೊದಲು ಹೇಳಿದ ಬಿಷಪ್ ಅವರ ಮಾತಿಗೆ ಈಗ ಮರಳುತ್ತೇನೆ. ಈ ಆಟದ ಕರ್ತೃಗಳು ಯಾರೆಂದರೆ ಪುಸ್ತಕಗಳು ಕ್ರೌಥರ್ ಮತ್ತು ವುಡ್ಸ್ ಎಂದು ಹೇಳುತ್ತವೆ. ಅದು ನ್ಯಾಯವೇ. ಆದರೆ ಕ್ರೌಥರ್ ಅವರ ಕೋಷ್ಟಕದ ಹಿಂದೆ ಕೆಸರಿನ ಪುಸ್ತಕಗಳಿವೆ. ಆ ಪುಸ್ತಕಗಳ ಹಿಂದೆ ಪೆಟ್ರೀಶಿಯಾ ಅವರೂ, ಪಟ್ಟಿ ಹಿಡಿದು ತೆವಳಿದ ಅನೇಕರೂ ಇದ್ದಾರೆ. ಅವರ ಹಿಂದೆ ಗೋಡೆಯ ಮೇಲೆ ಬಾಣ ಗೀಚಿಹೋದ ಮಾರ್ಗದರ್ಶಿ. ಅವನ ಹಿಂದೆ, ತನ್ನದಲ್ಲದ ಬದುಕಿನಲ್ಲಿ, ತನ್ನ ನೆನಪಿನಿಂದ ನಕ್ಷೆ ಬರೆದುಕೊಟ್ಟ ಬಿಷಪ್. ಇವರಲ್ಲಿ ಒಬ್ಬರೂ ತಾವು ಕಂಡ ದಾರಿಯನ್ನು ತಮ್ಮೊಳಗೇ ಇಟ್ಟುಕೊಳ್ಳಲಿಲ್ಲ. ಕತ್ತಲಲ್ಲಿ ಮುಂದೆ ಹೋದವರು ಹಿಂದೆ ಬರುವವರಿಗಾಗಿ ಗುರುತು ಬಿಟ್ಟುಹೋಗಬೇಕು ಎಂಬುದು ಗವಿಯವರ ಹಳೆಯ ಧರ್ಮ. ಮನೆ ಮುರಿದು, ಗವಿಯೂ ದೂರವಾದ ಹೊತ್ತಿನಲ್ಲಿ ತಂದೆಯೊಬ್ಬರು ಮಾಡಿದ್ದೂ ಅದನ್ನೇ.

ನಾನು ಅಂದು ಬರೆದ ನಕ್ಷೆ ಈಗಲೂ ನನ್ನಲ್ಲಿದೆ. ಗೆರೆಗಳು ವಕ್ರವಾಗಿವೆ, ಎರಡು ಕಡೆ ದಿಕ್ಕು ತಪ್ಪಿದೆ. ಕೆಂಟಕಿಯನ್ನು ನಾನು ಕಂಡವನಲ್ಲ. ಆದರೂ ಆ ಹಾಳೆಯನ್ನು ಬಿಡಿಸಿದಾಗಲೆಲ್ಲ, ಸರಳಿನ ಬಾಗಿಲಿನಿಂದ ಉಂಡೆಗಲ್ಲಿನ ದಾರಿಗೆ ಯಾವ ಕಡೆ ತಿರುಗಬೇಕೆಂಬುದು ನನಗೆ ತಡವರಿಸದೆ ನೆನಪಾಗುತ್ತದೆ.